ಮೈ ಒರೆಸುವುದು ಯಾರ ಕೆಲಸ?

ನನ್ನ ಚಿಕ್ಕಮ್ಮನ ಮಗಳು ಬಿಎಸ್ಸಿ ನರ್ಸಿಂಗ್ ಮುಗಿಸಿ ಎರಡು ವರ್ಷದಿಂದ ದಾವಣಗೆರೆಯಲ್ಲಿ ಕೆಲಸ ಮಾಡುತ್ತಿದ್ದಾಳೆ. ಇಂಗ್ಲೆಂಡಿಗೆ ಬರಬೇಕು ಅಂತ ಈಗ ಓಇಟಿಗೆ, ಅಂದರೆ ನರ್ಸು, ಡಾಕ್ಟರುಗಳಿಗೆ ಅಂತಲೇ ಇರುವ ಇಂಗ್ಲಿಷ್ ಪರೀಕ್ಷೆಗೆ, ತಯಾರಾಗುತ್ತಿದ್ದಾಳೆ. ಮೊನ್ನೆ ಭಾನುವಾರ ಫೋನ್ ಮಾಡಿದವಳು ಸಂಬಳ ಎಷ್ಟು ಅಂತ ಕೇಳಲಿಲ್ಲ, ಚಳಿ ಹೇಗಿರುತ್ತೆ ಅಂತಲೂ ಕೇಳಲಿಲ್ಲ. "ಅಣ್ಣಾ, ಅಲ್ಲಿ ಪೇಷೆಂಟ್ ಮೈ ನಾವೇ ಒರೆಸ್ಬೇಕಂತೆ, ಬೆಡ್‌ಪ್ಯಾನೂ ನಾವೇ ಕೊಡ್ಬೇಕಂತೆ, ಹೌದಾ?" ಅಂದಳು. ಹೌದು ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ.

ಅವಳದು ತಪ್ಪು ಅಂತ ನನಗೆ ಅನ್ನಿಸಲಿಲ್ಲ. ನರ್ಸ್ ಕೆಲಸಕ್ಕೆ ಇಲ್ಲಿ ಬರ್ಮಿಂಗ್‌ಹ್ಯಾಮಿಗೆ ಬಂದ ಹೊಸದರಲ್ಲಿ ನಾನೂ ಹೀಗೇ ಇದ್ದೆ.

ಇಲ್ಲಿಗೆ ಬರುವ ದಾರಿ ಎಲ್ಲರಿಗೂ ಗೊತ್ತಿರುವಂಥದ್ದೇ. ಓಇಟಿ ಅಥವಾ ಐಇಎಲ್‌ಟಿಎಸ್ ಪಾಸಾಗಬೇಕು. ಐಇಎಲ್‌ಟಿಎಸ್ ಆದರೆ ಓದುವುದು, ಕೇಳುವುದು, ಮಾತಾಡುವುದರಲ್ಲಿ 7 ಬೇಕು, ಬರೆಯುವುದರಲ್ಲಿ 6.5 ಸಾಕು. ಆಮೇಲೆ ಊರಲ್ಲೇ ಕೂತು ಕಂಪ್ಯೂಟರಿನಲ್ಲಿ ಬರೆಯುವ ನರ್ಸಿಂಗ್ ಪರೀಕ್ಷೆ, ಸಿಬಿಟಿ. ಇಲ್ಲಿಗೆ ಬಂದ ಮೇಲೆ ಹತ್ತು ಸ್ಟೇಷನ್‌ಗಳ ಓಸ್ಕಿ ಅನ್ನುವ ಪ್ರಾಕ್ಟಿಕಲ್ ಪರೀಕ್ಷೆ, ಅದರ ಫೀಸೇ 794 ಪೌಂಡ್. ಅದೂ ಪಾಸಾಗಿ, ಇಲ್ಲಿ ನರ್ಸುಗಳನ್ನು ನೋಂದಾಯಿಸುವ ಎನ್‌ಎಂಸಿ ಕೊಡುವ ನೋಂದಣಿ ಸಂಖ್ಯೆ, ಅಂದರೆ ಪಿನ್ ನಂಬರ್, ಕೈಗೆ ಬಂದರೆ ಆಗ ರಿಜಿಸ್ಟರ್ಡ್ ನರ್ಸ್. ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ಕೆಲಸ ಕೊಡಿಸುತ್ತೇನೆ ಅಂತ ಏಜೆಂಟ್ ಯಾರಾದರೂ ಲಕ್ಷಗಟ್ಟಲೆ ಕೇಳಿದರೆ ಕೊಡಬೇಡಿ. ಕೆಲಸ ಹುಡುಕಿಕೊಟ್ಟಿದ್ದಕ್ಕೆ ನರ್ಸಿನ ಕೈಯಿಂದ ದುಡ್ಡು ತಗೊಳ್ಳಬಾರದು ಅಂತ ಇಲ್ಲಿನ ಸರ್ಕಾರದ ನೇಮಕಾತಿ ನಿಯಮದಲ್ಲೇ ಇದೆ.

ಪರೀಕ್ಷೆ ಕಷ್ಟ, ನಿಜ. ಆದರೆ ಓದಿದರೆ ಪಾಸಾಗುತ್ತೇವೆ. ನನಗೆ ಕಷ್ಟವಾಗಿದ್ದು ಬೇರೆ.

ಮೊದಲನೇ ವಾರ. ಎಂಬತ್ತು ದಾಟಿದ ಅಜ್ಜ, ಸೊಂಟದ ಮೂಳೆ ಮುರಿದು ಮಲಗಿದ್ದರು. ನಮ್ಮ ವಾರ್ಡಿನ ಹಿರಿಯ ನರ್ಸ್ ಒಂದು ಬೋಗುಣಿಯಲ್ಲಿ ಬೆಚ್ಚಗಿನ ನೀರು ತಂದಿಟ್ಟು, ಬಾ ಅಂತ ಕರೆದರು. ಸಹಾಯಕರು ಯಾರಾದರೂ ಬರುತ್ತಾರೇನೋ ಅಂತ ನಾನು ಸುಮ್ನೆ ನಿಂತಿದ್ದೆ. ಯಾರೂ ಬರಲಿಲ್ಲ. ಹಿರಿಯ ನರ್ಸೇ ಪರದೆ ಎಳೆದರು, ಅಜ್ಜನನ್ನು ಹೆಸರು ಹಿಡಿದು ಕರೆದು ಮೈ ಒರೆಸಬಹುದಾ ಅಂತ ಕೇಳಿದರು, ನೀರು ಮುಟ್ಟಿಸಿ ಬಿಸಿ ಸಾಕಾ ಅಂದರು, ಮುಖಕ್ಕೆ ಸೋಪು ಹಚ್ಚಲಾ ಬೇಡವಾ ಅಂತಲೂ ಕೇಳಿದರು. ಒಂದು ತೋಳು ಒರೆಸುವಾಗ ಮಿಕ್ಕ ಮೈಯೆಲ್ಲ ಟವೆಲ್ಲಿನಿಂದ ಮುಚ್ಚಿತ್ತು. ಆ ತೋಳು ಒಣಗಿಸಿ ಮುಚ್ಚಿದ ಮೇಲೆ ಇನ್ನೊಂದು ತೋಳು. ಕೊನೆಗೆ ಇಬ್ಬರೂ ಸೇರಿ ಅವರನ್ನು ಮಗ್ಗುಲಿಗೆ ಹೊರಳಿಸಿದೆವು. ಬೆನ್ನಿನ ಕೆಳಗೆ ಎರಡು ರೂಪಾಯಿ ನಾಣ್ಯದಷ್ಟು ಜಾಗ ಕೆಂಪಾಗಿತ್ತು. ಹಿರಿಯ ನರ್ಸ್ ಅದನ್ನು ಬೆರಳಿನಿಂದ ಒತ್ತಿ ಬಿಟ್ಟರು. ಕೆಂಪು ಹೋಗಲಿಲ್ಲ. ಒತ್ತಿದರೂ ಬಿಳಿಯಾಗದೆ ಹಾಗೇ ಉಳಿದರೆ ಅದು ಬೆಡ್‌ಸೋರಿನ, ಅಂದರೆ ಮಲಗಿದಲ್ಲೇ ಮಲಗಿ ಆಗುವ ಹುಣ್ಣಿನ, ಮೊದಲ ಹಂತ. ಈ ಪಾಠವನ್ನು ನಾನು ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಮಾರ್ಕ್ಸೂ ತಗೊಂಡಿದ್ದೆ. ನನ್ನ ಕಣ್ಣಿಂದ ನೋಡಿದ್ದು ಅವತ್ತೇ ಮೊದಲು. ಮಧ್ಯಾಹ್ನದ ಹೊತ್ತಿಗೆ ಅಜ್ಜನಿಗೆ ಗಾಳಿ ಹಾಸಿಗೆ ಬಂತು.

ನಾಲ್ಕು ವರ್ಷ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಮಾಡಿಯೂ ಅದನ್ನು ನೋಡಿರಲಿಲ್ಲ ಯಾಕೆ ಅಂದರೆ, ಅಲ್ಲಿ ನಾನು ರೋಗಿಯ ಬೆನ್ನು ನೋಡುತ್ತಲೇ ಇರಲಿಲ್ಲ. ಇಂಜೆಕ್ಷನ್, ಡ್ರಿಪ್, ಫೈಲು, ಬಿಲ್ಲಿಂಗ್, ಡಿಸ್ಚಾರ್ಜ್. ರಾತ್ರಿ ಪಾಳಿಯಲ್ಲಿ ಇಪ್ಪತ್ತೆರಡು ಜನರಿಗೆ ನಾನೊಬ್ಬನೇ ಇದ್ದ ದಿನಗಳಿವೆ. ಮೈ ಒರೆಸುವುದು ಆಯಾಗಳ ಕೆಲಸ, ಇಲ್ಲವೇ ಮನೆಯವರ ಕೆಲಸ. ಅವರು ಬೆನ್ನು ಒರೆಸುತ್ತಾರೆ, ಕೆಂಪಾಗಿದ್ದು ಕಂಡರೆ ಪೌಡರ್ ಹಾಕುತ್ತಾರೆ. ಅದು ಏನು ಅಂತ ಅವರಿಗೆ ಗೊತ್ತಿರುವುದಿಲ್ಲ. ಗೊತ್ತಿರುವ ನಾನು ಅಲ್ಲಿರುವುದಿಲ್ಲ. ಓದಿದವರು ಮೈ ಮುಟ್ಟುವ ಕೆಲಸ ಮಾಡಬಾರದು ಅನ್ನುವ ಒಂದು ಭಾವನೆ ನಮ್ಮಲ್ಲಿ ಇದೆಯಲ್ಲ, ಅದರಿಂದ ರೋಗಿಗೆ ಆಗುವ ನಷ್ಟ ಎಷ್ಟು ಅಂತ ನನಗೆ ಅರ್ಥವಾಗಿದ್ದು ಆ ಬೋಗುಣಿಯ ಪಕ್ಕದಲ್ಲಿ.

ಇನ್ನೊಂದು, ಬಾಯಿ ಬಿಟ್ಟು ಕೇಳುವ ವಿಷಯ. ನಮ್ಮಲ್ಲಿ ಹೆಣ್ಣು ನರ್ಸ್ ಎಲ್ಲರೂ ಸಿಸ್ಟರ್, ನಾವು ಬ್ರದರ್. ಇಲ್ಲಿ ಸಿಸ್ಟರ್ ಅನ್ನುವುದು ವಾರ್ಡಿನ ಜವಾಬ್ದಾರಿ ಹೊತ್ತವರ ಹುದ್ದೆ, ಮಿಕ್ಕವರಿಗೆಲ್ಲ ಹೆಸರೇ. ಡಾಕ್ಟರಿಗೂ ಹೆಸರೇ. ಬಂದು ಆರು ತಿಂಗಳಾಗಿತ್ತು. ಕಫ ಕಟ್ಟಿ ಜ್ವರ ಬಂದಿದ್ದ ಒಬ್ಬ ಅಜ್ಜಿಗೆ ಕಿರಿಯ ಡಾಕ್ಟರ್ ಕೋ-ಅಮಾಕ್ಸಿಕ್ಲಾವ್ ಬರೆದಿದ್ದರು. ಅಜ್ಜಿಯ ಕೈಯಲ್ಲಿ ನೋಡಿದರೆ ಅಲರ್ಜಿ ಇದೆ ಅಂತ ತಿಳಿಸಲು ಕಟ್ಟುವ ಕೆಂಪು ಪಟ್ಟಿ. ಕೇಳಿದೆ. ಹಿಂದೆ ಪೆನ್ಸಿಲಿನ್ ಕೊಟ್ಟಾಗ ಮುಖವೆಲ್ಲ ಊದಿಕೊಂಡಿತ್ತು ಅಂದರು. ಕೋ-ಅಮಾಕ್ಸಿಕ್ಲಾವ್ ಕೂಡ ಪೆನ್ಸಿಲಿನ್ ಜಾತಿಯದೇ. ಔಷಧಿ ಕೈಯಲ್ಲಿ ಹಿಡಿದು ನಿಂತಿದ್ದ ನನಗೆ ಬೆಂಗಳೂರಿನಲ್ಲಿ ಒಮ್ಮೆ ಡೋಸ್ ಬಗ್ಗೆ ಕೇಳಿದ್ದಕ್ಕೆ "ನೀನು ಡಾಕ್ಟರಾ?" ಅಂತ ರೋಗಿಯ ಮನೆಯವರ ಮುಂದೆಯೇ ಬೈಸಿಕೊಂಡಿದ್ದು ನೆನಪಾಯಿತು. ಆದರೂ ಫೋನ್ ಮಾಡಿದೆ. ಆ ಡಾಕ್ಟರ್ ಐದು ನಿಮಿಷದಲ್ಲಿ ಬಂದು ಬೇರೆ ಔಷಧಿ ಬರೆದು, ಥ್ಯಾಂಕ್ಸ್ ಹೇಳಿ ಹೋದರು. ಇಲ್ಲಿ ಹಾಗೆ ಕೇಳದೆ ಕೊಟ್ಟಿದ್ದರೆ ತಪ್ಪು ನನ್ನದೂ ಆಗುತ್ತಿತ್ತು, ನನ್ನ ಪಿನ್ನಿಗೇ ಕುತ್ತು ಬರುತ್ತಿತ್ತು.

ಇಷ್ಟು ಹೇಳಿದೆ ಅಂತ ಇಲ್ಲಿ ಎಲ್ಲಾ ಚೆಂದ ಅಂದುಕೊಳ್ಳಬೇಡಿ. ಚಳಿಗಾಲದಲ್ಲಿ ಬೆಡ್ ಸಿಗದೆ ಕಾರಿಡಾರಿನಲ್ಲಿ ಟ್ರಾಲಿ ಮೇಲೆ ಗಂಟೆಗಟ್ಟಲೆ ಮಲಗಿರುವವರನ್ನು ನಾನೇ ನೋಡಿಕೊಂಡಿದ್ದೇನೆ. ಹಗಲು ಒಬ್ಬ ನರ್ಸಿಗೆ 8ಕ್ಕಿಂತ ಜಾಸ್ತಿ ರೋಗಿಗಳಾದರೆ ಅಪಾಯ ಹೆಚ್ಚು ಅಂತ ಇಲ್ಲಿ ಚಿಕಿತ್ಸೆಗೆ ಮಾರ್ಗಸೂಚಿ ಮಾಡುವ ನೈಸ್ ಸಂಸ್ಥೆ 2014ರಲ್ಲೇ ಹೇಳಿದೆ, ಆದರೂ ಹತ್ತು ಜನರನ್ನು ನೋಡಿಕೊಂಡ ದಿನಗಳಿವೆ. ಅದಕ್ಕಿಂತ ಜಾಸ್ತಿ ಸಂಕಟ ಆಗುವುದು ಸಂಜೆ ಎಂಟಕ್ಕೆ. ಭೇಟಿ ಸಮಯ ಮುಗಿದು ಬಂದವರೆಲ್ಲ ಹೋಗುತ್ತಾರೆ. ಯಾರೂ ಬರದವರೂ ಇರುತ್ತಾರೆ. ನಮ್ಮಪ್ಪ ದಾವಣಗೆರೆಯಲ್ಲಿ ಆಸ್ಪತ್ರೆ ಸೇರಿದ್ದಾಗ ಮಂಚದ ಕೆಳಗೆ ಚಾಪೆ ಹಾಸಿ ಅಮ್ಮ ಮಲಗುತ್ತಿದ್ದಳು, ಬೆಳಿಗ್ಗೆ ಊರಿಂದ ಮೊದಲ ಬಸ್ಸಿಗೆ ರೊಟ್ಟಿ ಬುತ್ತಿ ಬರುತ್ತಿತ್ತು, ಪಕ್ಕದ ಮಂಚದವರಿಗೂ ಅದರಲ್ಲಿ ಪಾಲು. ಆ ಒಂದು ಧೈರ್ಯವನ್ನು ಇಲ್ಲಿಯ ಯಾವ ವಾರ್ಡಿನಲ್ಲೂ ನಾನು ನೋಡಿಲ್ಲ. ಕೊನೆಯುಸಿರು ಎಳೆಯುವಾಗ ನನ್ನ ಕೈಯನ್ನೇ ಹಿಡಿದುಕೊಂಡಿದ್ದ ಒಬ್ಬರು ಈಗಲೂ ನೆನಪಾಗುತ್ತಾರೆ.

ಹಾಗಾಗಿ ನಮ್ಮ ಕಡೆ ಮನೆಯವರನ್ನು ವಾರ್ಡಿನಿಂದ ಓಡಿಸಿ ಅಂತ ನಾನು ಹೇಳುತ್ತಿಲ್ಲ. ಅವರು ಪಕ್ಕದಲ್ಲಿ ಕೂತು ಮಾತಾಡಲಿ, ಊಟ ಮಾಡಿಸಲಿ. ಆದರೆ ಮೈ ಒರೆಸುವಾಗ ನರ್ಸ್ ಅಲ್ಲಿರಬೇಕು. ಇರಬೇಕಾದರೆ ಇಪ್ಪತ್ತೆರಡು ಜನರಿಗೆ ಒಬ್ಬರು ಅನ್ನುವುದು ಹೋಗಬೇಕು, ಸಂಬಳ ಸರಿಯಾಗಬೇಕು. 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ಕೇಂದ್ರ ಸರ್ಕಾರ ಮಾಡಿದ ಸಮಿತಿ, ಐವತ್ತು ಬೆಡ್ಡಿಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, ಇನ್ನೂರು ಬೆಡ್ ದಾಟಿದ ಕಡೆ ಸರ್ಕಾರಿ ನರ್ಸಿನ ಸಮಕ್ಕೆ ಕೊಡಬೇಕು ಅಂದಿತ್ತು. ಅದಾದ ಎಷ್ಟೋ ವರ್ಷದ ಮೇಲೆ ಕೆಲಸಕ್ಕೆ ಸೇರಿದ ನನ್ನ ತಂಗಿಗೆ ಇವತ್ತು ಸಿಗುತ್ತಿರುವುದು 16,000. ಅವಳು ಹೊರಟು ನಿಂತಿದ್ದಾಳೆ ಅಂದರೆ ಯಾರು ತಾನೇ ಬೇಡ ಅನ್ನಲಿಕ್ಕೆ ಆಗುತ್ತೆ?

ಓಇಟಿಯಲ್ಲಿ ಮಾತಿನ ಪರೀಕ್ಷೆಗೆ ಎರಡು ರೋಲ್ ಪ್ಲೇ ಇರುತ್ತವೆ, ಒಂದೊಂದು ಐದು ನಿಮಿಷ. ಅವತ್ತು ಫೋನಿನಲ್ಲೇ ಮಾಡಿ ನೋಡಿದೆವು. ಅವಳು ನರ್ಸ್, ನಾನು ಮನೆಗೆ ಹೊರಟಿರುವ ಶುಗರ್ ಪೇಷೆಂಟ್. ಕಾಲಿನ ಗಾಯಕ್ಕೆ ನೀರು ಬೀಳಬಹುದಾ ಅಂತ ಕೇಳಿದೆ. "ಡಾಕ್ಟರನ್ನ ಕೇಳಿ ಹೇಳ್ತೀನಿ" ಅಂದಳು. ಇನ್ಸುಲಿನ್ ಎಲ್ಲಿ ಚುಚ್ಚಿಕೊಳ್ಳಲಿ ಅಂದೆ. ಅದಕ್ಕೂ ಡಾಕ್ಟರನ್ನ ಕೇಳಿ ಹೇಳ್ತೀನಿ. ನಿನಗೆ ಗೊತ್ತಿಲ್ವಾ ಅಂದೆ. "ಗೊತ್ತು ಅಣ್ಣಾ, ಆದ್ರೆ ಇಲ್ಲಿ ನಾವು ಹೇಳಂಗಿಲ್ಲ" ಅಂದಳು. ಗೊತ್ತಿದ್ದರೆ ಹೇಳು, ನಾನು ಕೇಳುತ್ತಿರುವುದು ನಿನ್ನನ್ನೇ ಅಂದೆ. ಒಂದು ಕ್ಷಣ ತಡೆದು, ಹೊಟ್ಟೆಯ ಮೇಲೆ, ಹೊಕ್ಕಳಿಂದ ಎರಡು ಬೆರಳು ಬಿಟ್ಟು, ದಿನಾ ಒಂದೇ ಜಾಗ ಬೇಡ ಅಂತ ಶುರು ಮಾಡಿದಳು. ಐದು ನಿಮಿಷ ಮುಗಿದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.