ರಜೆ ನಮಗೆ, ನಾಯಿಗಲ್ಲ

ಮೈಸೂರಿನಲ್ಲಿ ನಮ್ಮ ಮನೆಯ ಮಹಡಿಯನ್ನು ಪ್ರವಾಸಿಗರಿಗೆ ಬಾಡಿಗೆಗೆ ಬಿಡುತ್ತೇವೆ. ಫೋನಿನಲ್ಲಿ ಜಾಸ್ತಿ ಜನ ಕೇಳುವುದು ಅರಮನೆ ಎಷ್ಟು ದೂರ ಅಂತ ಅಲ್ಲ. "ನಾಯಿ ಕರ್ಕೊಂಡು ಬರಬಹುದಾ ಮೇಡಂ?" ಅಂತ. ನಾನು ಬಾಯಿ ತೆರೆಯುವ ಮೊದಲೇ, "ತುಂಬಾ ಸಾಧು, ಏನೂ ಮಾಡಲ್ಲ" ಅನ್ನುತ್ತಾರೆ. ಹೆಣ್ಣು ನೋಡಲು ಬಂದವರ ಮುಂದೆ ಮಗಳನ್ನು ಹೊಗಳುವ ಧಾಟಿ ಅದು. ಸುಳ್ಳೇನೂ ಅಲ್ಲ. ನಾಯಿ ಸಾಧುವೇ, ಅದರ ಮನೆಯಲ್ಲಿ.

ನಾವು ರಜೆ ಅಂತ ಹೊರಡುತ್ತೇವೆ. ನಾಯಿಗೆ ಅದನ್ನು ಯಾರು ಹೇಳಬೇಕು? ಗಂಟೆಗಟ್ಟಲೆ ಕಾರಿನಲ್ಲಿ ಕೂರಿಸಿಕೊಂಡು ಬಂದು, ಗೊತ್ತಿಲ್ಲದ ಮನೆಯೊಳಗೆ ಬಿಟ್ಟರೆ ಅದಕ್ಕೆ ಮೊದಲು ಸಿಗುವುದು ವಾಸನೆ. ಇಲ್ಲಿ ಹಿಂದೆ ಯಾವ ನಾಯಿ ಬಂದಿತ್ತು, ಎಲ್ಲಿ ಮಲಗಿತ್ತು, ಎಲ್ಲ ಲೆಕ್ಕವೂ ನೆಲದ ಮೇಲೇ ಇದೆ. ಅದಕ್ಕೆ ಉತ್ತರವಾಗಿ ತನ್ನದೂ ಒಂದು ರುಜು ಹಾಕುತ್ತದೆ.

ಒಂದು ಲ್ಯಾಬ್ರಡಾರ್ ಆ ರುಜು ಹಾಕಿದ್ದು ನಮ್ಮ ತುಳಸಿ ಕಟ್ಟೆಗೆ. ಅತ್ತೆ ಆಗಷ್ಟೇ ಕಟ್ಟೆ ತೊಳೆದು, ರಂಗೋಲಿ ಎಳೆದು, ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಕಾರಿನಿಂದ ಇಳಿದ ನಾಯಿ ನೇರ ಬಂದು, ಒಂದು ಸುತ್ತು ಹಾಕಿ, ಕಾಲೆತ್ತಿತು. ಪ್ರದಕ್ಷಿಣೆ ಮಾತ್ರ ಸರಿಯಾದ ದಿಕ್ಕಿನಲ್ಲೇ ಆಗಿತ್ತು. ಅದರ ಯಜಮಾನರು ಫೋನ್ ನೋಡುತ್ತಿದ್ದರು. "ಅದಕ್ಕೇನು ಗೊತ್ತು ಪಾಪ," ಅಂದರು ಅತ್ತೆ. ಅಂದಿದ್ದು ನಾಯಿ ಬಗ್ಗೆ, ನೋಡಿದ್ದು ಯಜಮಾನರನ್ನು. ಆಮೇಲೆ ಎರಡು ಬಿಂದಿಗೆ ನೀರು ಹೊಯ್ದು ಮತ್ತೆ ರಂಗೋಲಿ ಹಾಕಿದರು.

ಇಷ್ಟಕ್ಕೆ ಇರುವ ಮದ್ದು ಬಹಳ ಸುಲಭ. ಬಂದ ತಕ್ಷಣ ಲಗೇಜು ಇಳಿಸಬೇಡಿ, ನಾಯಿಯನ್ನು ಇಳಿಸಿ. ಬೀದಿಯಲ್ಲಿ ಒಂದು ಸುತ್ತು ಹಾಕಿಸಿ, ಅದರ ಕೆಲಸ ಮುಗಿಸಿ, ಆಮೇಲೆ ಬೆಲ್ಟು ಬಿಚ್ಚದೆ ಒಂದೊಂದೇ ಕೋಣೆ ತೋರಿಸಿ. ಆದರೂ ಒಳಗೆ ಮಾಡಿಬಿಟ್ಟಿತು ಅಂದುಕೊಳ್ಳಿ. ಉಜ್ಜಬಾರದು, ಹಳೇ ಪೇಪರ್ ಒತ್ತಿ ಹೀರಿಸಬೇಕು. ಜನ ಸೀದಾ ಫಿನಾಯಿಲ್ ಹುಡುಕುತ್ತಾರೆ. ಅದರಿಂದ ಹೋಗುವುದು ನಮ್ಮ ಮೂಗಿಗೆ ಬರುವ ವಾಸನೆ, ನಾಯಿ ಮೂಗಿಗೆ ಬರುವುದಲ್ಲ. ಅಮೋನಿಯಾ ಇರುವ ಕ್ಲೀನರ್ ಆದರಂತೂ ಮೂತ್ರದ ವಾಸನೆಗೇ ಹತ್ತಿರ. 'ಇಲ್ಲೇ ಮಾಡು' ಅಂತ ಬೋರ್ಡು ಹಾಕಿದ ಹಾಗೆ. ನಾಯಿ ಸಾಮಾನು ಮಾರುವ ಅಂಗಡಿಯಲ್ಲಿ ಎಂಜೈಮ್ ಇರುವ ದ್ರಾವಣ ಸಿಗುತ್ತದೆ, ಅದನ್ನು ಕಾರಿನಲ್ಲೇ ಇಟ್ಟುಕೊಂಡು ಬರುವುದು ಒಳ್ಳೆಯದು. ನಮ್ಮ ಕೆಂಪು ನೆಲಕ್ಕೆ ಏನೂ ಆಗುವುದಿಲ್ಲ ಬಿಡಿ. ಹಾಸಿಗೆಯದೇ ಚಿಂತೆ.

ದೊಡ್ಡ ಅನಾಹುತ ಆಗುವುದು ಮನೆಯವರು ಊರು ನೋಡಲು ಹೊರಟಾಗ. ಅರಮನೆ, ಮೃಗಾಲಯ ಎಲ್ಲಿಗೂ ನಾಯಿ ಕರ್ಕೊಂಡು ಹೋಗುವ ಹಾಗಿಲ್ಲ. ಅದನ್ನು ಕೋಣೆಯಲ್ಲಿ ಕೂಡಿ, ಬಾಗಿಲು ಹಾಕಿ ಹೊರಡುತ್ತಾರೆ. ನಮ್ಮ ಮಹಡಿಯ ಬಾಗಿಲಿನ ಒಳಮೈ ನೋಡಬೇಕು ನೀವು. ಹಳೇ ತೇಗದ ಮರ. ಕೆಳಗಿನಿಂದ ಒಂದಡಿಯಷ್ಟು ಎತ್ತರದಲ್ಲಿ, ಚಿಲಕ ಇರುವ ಕಡೆಗೇ, ಪಾಲಿಶ್ ಕಿತ್ತು ಬೆಳ್ಳಗಿನ ಗೀರುಗಳು. ಹಿಂಜಿನ ಕಡೆ ಒಂದೂ ಇಲ್ಲ. ಬಾಗಿಲು ಯಾವ ಕಡೆ ತೆರೆಯುತ್ತದೆ ಅಂತ ಅದಕ್ಕೆ ಚೆನ್ನಾಗಿ ಗೊತ್ತಿತ್ತು. ಇದು ಹಠ ಅಲ್ಲ, ಹೆದರಿಕೆ. ಹೋದವರು ವಾಪಸ್ ಬರುತ್ತಾರೋ ಇಲ್ಲವೋ ಅನ್ನುವ ಹೆದರಿಕೆ.

ದೀಪದ ಅರಮನೆ ನೋಡಿ ಬಂದವರು ಗೀರು ನೋಡಿ ಬೈಯುತ್ತಾರೆ. ನಾಯಿ ಕಿವಿ ಮಡಚಿ, ಮುಖ ತಿರುಗಿಸುತ್ತದೆ. "ನೋಡಿ, ತಪ್ಪು ಮಾಡಿದ್ದು ಅದಕ್ಕೇ ಗೊತ್ತು!" ಗೊತ್ತಿಲ್ಲ ಸ್ವಾಮಿ. ಏನೂ ಮಾಡದ ನಾಯಿಯನ್ನು ಗದರಿದರೂ ಅದೇ ಮುಖ ಮಾಡುತ್ತದೆ ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ. ಅದು ನಿಮ್ಮ ದನಿಗೆ ಹೆದರಿದ್ದು. ಬೈಗುಳಕ್ಕಿಂತ ಅದರ ಹಳೇ ಬೆಡ್‌ಶೀಟು ಕೆಲಸ ಮಾಡುತ್ತದೆ. ಒಗೆಯದೇ ತರಬೇಕು, ಮನೆ ವಾಸನೆ ಇರಬೇಕು. ಮೊದಲು ಐದು ನಿಮಿಷ ಬಿಟ್ಟು ಹೋಗಿ ಬನ್ನಿ, ಆಮೇಲೆ ಹತ್ತು. ಕೂಗಾಡಿದರೆ ಒಬ್ಬರು ಉಳಿಯಿರಿ, ಸರದಿ ಮೇಲೆ ಅರಮನೆ ನೋಡಿ. ಅದೇನು ಓಡಿಹೋಗುತ್ತದಾ?

ದಸರಾದಲ್ಲಿ ಮಾತ್ರ ನನಗೂ ನಾಯಿಗಳ ಮೇಲೆ ಕನಿಕರ. ಜಂಬೂ ಸವಾರಿಯ ದಿನ 21 ಕುಶಾಲತೋಪು ಹಾರಿಸುತ್ತಾರೆ. ಆ ಸದ್ದಿಗೆ ಬೆದರದಿರಲಿ ಅಂತ ಆನೆ, ಕುದುರೆಗಳಿಗೆ ಮೊದಲೇ ಫಿರಂಗಿ ಹಾರಿಸಿ ತಾಲೀಮು ಕೊಡುತ್ತಾರೆ. ಅಷ್ಟು ದೊಡ್ಡ ಪ್ರಾಣಿಗೇ ತಾಲೀಮು ಬೇಕು. ಹಿಂದಿನ ರಾತ್ರಿ ಬಂದ ಪಗ್ ಮರಿ ಸೋಫಾ ಕೆಳಗೆ ನುಗ್ಗಿ ಉಚ್ಚೆ ಮಾಡಿಕೊಂಡರೆ ತುಂಟತನ ಅನ್ನೋದು ಯಾವ ನ್ಯಾಯ?

ನನಗೆ ಸಿಟ್ಟು ಬರುವುದು ಮುಚ್ಚಿಡುವವರ ಮೇಲೆ. ಕಚ್ಚಿದ ದಿಂಬನ್ನು ಮಗುಚಿ ಇಟ್ಟು ಹೋಗುತ್ತಾರೆ. ಕಲೆಯ ಮೇಲೆ ಟೀಪಾಯಿ ಎಳೆದು ನಿಲ್ಲಿಸುತ್ತಾರೆ. ಹೇಳಿದರೆ ಅಡ್ವಾನ್ಸಿನಲ್ಲಿ ಒಂದಿಷ್ಟು ಮುರಿದುಕೊಳ್ಳುತ್ತೇನೆ, ಅಷ್ಟೇ ಅಲ್ವಾ?

ಮಂಡ್ಯದ ಒಂದು ಸಂಸಾರ ಹಾಗಲ್ಲ. ಅವರ ನಾಯಿ ಬಾಗಿಲ ಮುಂದಿನ ನಾರಿನ ಮ್ಯಾಟನ್ನು ಎಳೆ ಎಳೆಯಾಗಿ ಬಿಡಿಸಿ ಹರಡಿತ್ತು. ಬೆಳಗ್ಗೆಯೇ ಕೆಳಗೆ ಬಂದು, "ನಮ್ಮೋನು ಹಿಂಗೆ ಮಾಡವ್ನೆ ಕಣಮ್ಮ" ಅಂದರು. ಮಧ್ಯಾಹ್ನ ಪೇಟೆಗೆ ಹೋಗಿ, ಹಳೆಯದಕ್ಕಿಂತ ದಪ್ಪನೆಯ ಹೊಸ ಮ್ಯಾಟ್ ತಂದು ಹಾಕಿದರು. ಅತ್ತೆ ಅದರ ಮೇಲೆ ಕಾಲೊರೆಸಿ ನೋಡಿ, ಅವರು ಹೊರಟ ಮೇಲೆ ಮೆಲ್ಲಗೆ ಕೇಳಿದರು: "ಆ ನಾಯಿ ಮತ್ತೆ ಯಾವಾಗ ಬರುತ್ತಂತೆ? ಸೋಫಾ ಕವರೂ ಹಳೇದಾಗಿದೆ."