ಪಾತ್ರೆಗೂ ಒಂದು ದುರುದ್ದೇಶ

ವಾರಕ್ಕೆ ಎರಡು ಬಾಟಲಿ ಪುಕ್ಕಟೆ ಕೊಡಿ ಎಂದು ತುರುವೇಕೆರೆ ಶಾಸಕ ಎಂ.ಟಿ. ಕೃಷ್ಣಪ್ಪನವರು 2025ರ ಮಾರ್ಚಿನಲ್ಲಿ ಸದನದಲ್ಲಿ ಕೇಳಿದ್ದು ನೆನಪಿರಬೇಕಲ್ಲ. ನೀವೇ ಗೆದ್ದು ಸರ್ಕಾರ ಮಾಡಿ ಕೊಡಿ, ನಾವು ಕುಡಿತ ಕಡಿಮೆ ಮಾಡೋಕೆ ನೋಡ್ತಾ ಇದ್ದೀವಿ ಎಂಬ ಧಾಟಿಯಲ್ಲಿ ಸಚಿವ ಕೆ.ಜೆ. ಜಾರ್ಜ್ ಉತ್ತರಿಸಿದರು. ಅದೇ ತಿಂಗಳ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಎತ್ತುವ ಗುರಿಯಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಬಾಟಲಿ ಬೇಡ ಸ್ವಾಮಿ, ಮನೆಯಲ್ಲೇ ಮಾಡಿಕೊಳ್ಳೋಕೆ ಬಿಡಿ ಅಂತ ಮಾತ್ರ ಯಾರೂ ಕೇಳಲಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಬಿಯರ್ ತಯಾರಿಸುವುದು ಅಪರಾಧ. ತಯಾರಿಸುವ ಉದ್ದೇಶಕ್ಕೆ ಪಾತ್ರೆ, ಸಾಮಾನು, ಉಪಕರಣ ಇಟ್ಟುಕೊಳ್ಳುವುದೂ ಅಪರಾಧ. ಉದ್ದೇಶ ಅನ್ನುವ ಪದವನ್ನು ಚೂರು ಚಪ್ಪರಿಸಿ ನೋಡಿ. 50 ಲೀಟರಿನ ಸ್ಟೀಲ್ ಪಾತ್ರೆ ಗೃಹಪ್ರವೇಶದ ಸಾರಿಗೆ ಬಂದರೆ ಮರ್ಯಾದಸ್ಥ. ಅದೇ ಪಾತ್ರೆಯ ಪಕ್ಕ ಬಾರ್ಲಿ ಮೂಟೆ ಕೂತರೆ ಆರೋಪಿ. ಪಾತ್ರೆಯ ಮನಸ್ಸಿನಲ್ಲಿ ಏನಿದೆ ಅಂತ ಇನ್‌ಸ್ಪೆಕ್ಟರು ಮುಚ್ಚಳ ತೆಗೆದು ನೋಡಬೇಕು.

ಅಮೆರಿಕದಲ್ಲಿ ಈ ಗೋಳು 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿಯೊಂದಿಗೆ ಬಹುಮಟ್ಟಿಗೆ ಮುಗಿಯಿತು. ಮನೆಯಲ್ಲಿ ಇಬ್ಬರು ವಯಸ್ಕರಿದ್ದರೆ ವರ್ಷಕ್ಕೆ 200 ಗ್ಯಾಲನ್, ಅಂದರೆ 757 ಲೀಟರ್, ತೆರಿಗೆಯಿಲ್ಲದೆ. ಅಲಬಾಮಾ, ಮಿಸಿಸಿಪ್ಪಿಗಳು ಮಾತ್ರ 2013ರವರೆಗೆ ಮುಖ ಸಿಂಡರಿಸಿಕೊಂಡೇ ಇದ್ದವು. ಈಗ ಅಲ್ಲಿನ ಗರಾಜುಗಳನ್ನು ನೋಡಬೇಕು: ಗೋಡೆಗೆ ಕಂಟ್ರೋಲ್ ಪ್ಯಾನೆಲ್, ಕೆಂಪು ದೀಪ, ಹಸಿರು ದೀಪ, ಬೀಗದಕೈ ಹಾಕಿ ತಿರುಗಿಸುವ ಸ್ವಿಚ್ಚು. ಕೈಗಾ ಸ್ಥಾವರದ ಚಿಕ್ಕಮ್ಮನ ಮಗಳ ಹಾಗೆ. ಹೊರಬರುವುದು 20 ಲೀಟರ್ ಬಿಯರು.

ಸರಿ, ನಮ್ಮಲ್ಲಿ ಅಪರಾಧ ಯಾವ ಗಳಿಗೆಯಲ್ಲಿ ಹುಟ್ಟುತ್ತದೆ? 20 ಲೀಟರಿಗೆ 5 ಕಿಲೋ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಅಂದರೆ ಮಾಲ್ಟ್ ಬೇಕು. ಕಾಳು ಒಡೆಯಬೇಕು, ಹಿಟ್ಟಾಗಬಾರದು. ಸಿಪ್ಪೆಯೇ ಇಲ್ಲಿ ಸೋಸುಬಟ್ಟೆ. ಅದು ಪುಡಿಯಾದರೆ ಗಂಜಿ ಕಟ್ಟಿ ಒಂದು ಹನಿಯೂ ಇಳಿಯುವುದಿಲ್ಲ. 15 ಲೀಟರ್ ನೀರಿನಲ್ಲಿ 66 ಡಿಗ್ರಿಗೆ ಒಂದು ಗಂಟೆ ಬಿಡಬೇಕು. 62ರಲ್ಲಿ ನಿಂತರೆ ಬಿಯರು ತೆಳ್ಳಗೆ, 70ರಲ್ಲಿ ನಿಂತರೆ ಮಂದ, 78 ದಾಟಿದರೆ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳೇ ಸತ್ತುಹೋಗುತ್ತವೆ. ಆಮೇಲೆ ಬಿಸಿನೀರಿನಲ್ಲಿ ತೊಳೆದು ಒಟ್ಟು 26 ಲೀಟರ್ ರಸ ಇಳಿಸಿ 60 ನಿಮಿಷ ಕುದಿಸಬೇಕು. ಶುರುವಿಗೆ 30 ಗ್ರಾಂ ಹಾಪ್ಸ್ ಎಂಬ ಒಣಹೂ ಕಹಿಗೆ, ಕೊನೆಯ 10 ನಿಮಿಷಕ್ಕೆ 20 ಗ್ರಾಂ ಘಮಕ್ಕೆ. ಕುದಿದದ್ದನ್ನು ತಾಮ್ರದ ಸುರುಳಿಯಲ್ಲಿ ತಣ್ಣೀರು ಹರಿಸಿ 20 ಡಿಗ್ರಿಗೆ ತರಬೇಕು. ಏಪ್ರಿಲ್ಲಿನಲ್ಲಿ ಟ್ಯಾಂಕಿನ ನೀರೇ ಬೆಚ್ಚಗಿರುತ್ತದೆ, ಐಸ್ ಇಲ್ಲದೆ ಆಗುವ ಕೆಲಸವಲ್ಲ.

ಇಲ್ಲಿಯವರೆಗೂ ಪಾತ್ರೆಯಲ್ಲಿರುವುದು ಯುಗಾದಿಯ ಬೇವುಬೆಲ್ಲದಂಥ ಬಾರ್ಲಿ ಕಷಾಯ. 11 ಗ್ರಾಮಿನ ಯೀಸ್ಟ್ ಪೊಟ್ಟಣ ಒಡೆದು ಉದುರಿಸಿ, ಕಷಾಯಕ್ಕೆ ದುರುದ್ದೇಶ ಬಂತು.

ಮಾಲ್ಟ್ ಅಂದರೆ ಬೆಚ್ಚಿಬೀಳುವವರಿಗೆ ಒಂದು ಮಾತು. ರಾಗಿ ನೆನೆಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಮೊಳಕೆ ಬಂದಮೇಲೆ ನೆರಳಲ್ಲಿ ಒಣಗಿಸಿ, ಹುರಿದು ಬೀಸಿಸಿದ ನಿಮ್ಮ ಅಜ್ಜಿಯೂ ಇದೇ ಕಸುಬಿನವರು. ಸರ್ಕಾರವೇ ಶಾಲೆ ಮಕ್ಕಳಿಗೆ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುತ್ತದೆ. ಇಡ್ಲಿ ಹಿಟ್ಟು ರಾತ್ರಿಯಿಡೀ ಹುದುಗಿ ಉಕ್ಕಿ ಅಡುಗೆ ಕಟ್ಟೆ ತುಂಬ ಹರಿದಾಡಿದರೂ ಅಬಕಾರಿ ಜೀಪು ಬರುವುದಿಲ್ಲ. ಇನ್ನು ಕರೆಂಟು: ಇಷ್ಟನ್ನೂ ಕಾಯಿಸಿ ಕುದಿಸುವುದಕ್ಕೆ ಸುಮಾರು 5 ಯೂನಿಟ್ಟು. ಗೃಹಜ್ಯೋತಿ ಇರುವ ಮನೆಯಲ್ಲಿ ಅದೊಂದು ಲೆಕ್ಕವೇ? ಮಾಲ್ಟಿಗೆ ಗೃಹಲಕ್ಷ್ಮಿ ದುಡ್ಡು ಸಾಕಾಗಬಹುದು, ಆದರೆ ಅದರ ಮೇಲೆ ಕಣ್ಣಿಟ್ಟವರನ್ನು ಅಬಕಾರಿಯವರಿಗಿಂತ ಮೊದಲು ಮನೆಯವರೇ ಹಿಡಿದುಕೊಡುತ್ತಾರೆ.

ನಿಜವಾಗಿ ಹೆದರಬೇಕಾದ್ದು ಯೀಸ್ಟಿಗಲ್ಲ, ವೈರಿಂಗಿಗೆ. ಪಾತ್ರೆ ಕಾಯಿಸುವ 3,000 ವಾಟಿನ ಎಲಿಮೆಂಟು 230 ವೋಲ್ಟಿನಲ್ಲಿ 13 ಆಂಪಿಯರ್ ಎಳೆಯುತ್ತದೆ. ಮಿಕ್ಸಿಯ ಪ್ಲಗ್ಗಿಗೆ ಚುಚ್ಚಿದರೆ ಬಾರ್ಲಿ ಬೇಯುವ ಮೊದಲು ಪ್ಲಗ್ಗು ಬೇಯುತ್ತದೆ. ಮೇನ್ ಬೋರ್ಡಿನಿಂದ ಬೇರೆಯೇ ಲೈನು, 4 ಚದರ ಮಿಲಿಮೀಟರಿನ ತಾಮ್ರದ ವೈರು, ಹೊರೆ ಮೀರಿದರೆ ಬೀಳುವ 16 ಆಂಪಿಯರ್ ಎಂಸಿಬಿ, ಕರೆಂಟು ಸೋರಿದರೆ ಬೀಳುವ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಪಾತ್ರೆಯ ಮೈಗೇ ಬೋಲ್ಟು ಬಿಗಿದ ಅರ್ಥ್ ವೈರು. ಇದರಲ್ಲಿ ಒಂದನ್ನೂ ಬಿಡುವ ಹಾಗಿಲ್ಲ.

ಶಾಖ ಅಳೆಯಲು ಪಿಟಿ-100 ಸೆನ್ಸರು, ಎಷ್ಟು ಕಾಯಿಸಬೇಕೆಂದು ಲೆಕ್ಕ ಹಾಕಲು ಪಿಐಡಿ ಕಂಟ್ರೋಲರು, ಅದರ ಮಾತು ಕೇಳಿ ಎಲಿಮೆಂಟನ್ನು ಹಚ್ಚಿ ಆರಿಸಲು 40 ಆಂಪಿಯರಿನ ಎಸ್‌ಎಸ್‌ಆರ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚು. ಈ ಎಸ್‌ಎಸ್‌ಆರ್ ಒಂದು ಆಂಪಿಯರಿಗೆ ಹೆಚ್ಚುಕಡಿಮೆ ಒಂದು ವಾಟ್ ಶಾಖವಾಗಿ ಕಕ್ಕುತ್ತದೆ. ಹಿಂದೆ ಅಲ್ಯೂಮಿನಿಯಂ ಹೀಟ್‌ಸಿಂಕ್ ಇಲ್ಲದೆ ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಚ್ಚಿಟ್ಟರೆ ಸಾಯುತ್ತದೆ, ಸಾಯುವಾಗ ಹೆಚ್ಚಾಗಿ ಆನ್ ಆಗಿಯೇ ಸಾಯುತ್ತದೆ. ಪಿಐಡಿ ಆಫ್ ಅನ್ನುತ್ತಿರುತ್ತದೆ, ಪಾತ್ರೆ ಕುದಿಯುತ್ತಿರುತ್ತದೆ. ಆಫ್ ಇದ್ದಾಗಲೂ ಅದರಲ್ಲಿ ಒಂದಿಷ್ಟು ಕರೆಂಟು ಸೋರುತ್ತಿರುತ್ತದೆ. ಅದಕ್ಕೇ ಹಿಂದೊಂದು ಕಾಂಟ್ಯಾಕ್ಟರು, ಅಂದರೆ ಲೈನನ್ನೇ ಪೂರ್ತಿ ಕಡಿಯುವ ಸ್ವಿಚ್ಚು, ಕೈಗೆ ಸಿಗುವ ಕಡೆ ಅದನ್ನು ಬೀಳಿಸುವ ಕೆಂಪು ಗುಂಡಿ.

ಕುದಿ ಬರಲಿ ಅಂತ ಪಿಐಡಿಯನ್ನು 100ಕ್ಕೆ ಇಟ್ಟು ಕಾಯುವ ಜಾಣರಿದ್ದಾರೆ. 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97ಕ್ಕೇ ಕುದಿಯುತ್ತದೆ. 100 ಬರುವುದೇ ಇಲ್ಲ, ಎಲಿಮೆಂಟು ಆರುವುದೂ ಇಲ್ಲ, ನೊರೆ ಉಕ್ಕಿ ನೆಲಕ್ಕೆ ಬರುತ್ತದೆ. ಮ್ಯಾನುಯಲ್ಲಿಗೆ ಹಾಕಿ ಎಲಿಮೆಂಟಿನ ಶಕ್ತಿಯನ್ನು ಶೇಕಡ 70ರ ಆಸುಪಾಸಿಗೆ ಇಳಿಸಬೇಕು. ಇನ್ನು ಸಂಜೆ ವೋಲ್ಟೇಜು 190ಕ್ಕೆ ಬಿದ್ದರೆ 3,000 ವಾಟು 2,000ಕ್ಕೆ ಬಂದು ಕೂರುತ್ತದೆ. ಕುದಿಯ ಬದಲು ನಿಟ್ಟುಸಿರು.

ತಿಂಗಳುಗಟ್ಟಲೆ ಮೂಲೆಗಿಟ್ಟ ಎಲಿಮೆಂಟಿನೊಳಗಿನ ಪುಡಿ ತೇವ ಹೀರಿದ್ದರೂ ಆರ್‌ಸಿಸಿಬಿ ಬೀಳುತ್ತದೆ. ಎಲಿಮೆಂಟನ್ನು ಬಿಚ್ಚಿ ಒಣಗಿಸಬೇಕು, ಇಲ್ಲ ಬದಲಾಯಿಸಬೇಕು. ನಮ್ಮ ಊರುಗಳಲ್ಲಿ ಸಿಗುವ ಪರಿಹಾರ ಬೇರೆ: "ಟ್ರಿಪ್ ಆಗ್ತಾನೇ ಇದೆ ಸಾರ್, ಡೈರೆಕ್ಟ್ ಮಾಡಿಬಿಡ್ಲಾ?"

ಇಲ್ಲಿ ನಗು ಬರುವುದಿಲ್ಲ. ಪಿಜಿಗಳಲ್ಲಿ ಹುಡುಗರು ಪ್ಲಾಸ್ಟಿಕ್ ಬಕೆಟ್ಟಿಗೆ ಇಳಿಬಿಡುವ ನೀರು ಕಾಯಿಸುವ ಕಾಯಿಲ್ ನೋಡಿ. ಫುಟ್‌ಪಾತಿನಲ್ಲಿ ಮಾರುವ ಎರಡು ಪಿನ್ನಿನದು, ಅರ್ಥ್ ಇಲ್ಲ. ಕಾದಿದೆಯಾ ಅಂತ ಬೆರಳು ಅದ್ದಿ ನೋಡುತ್ತಾರೆ. ಆಮೇಲೆ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು. ಅದಕ್ಕೆ ಐಎಸ್‌ಐ ಮುದ್ರೆ ಇರಬೇಕೆಂಬ ನಿಯಮ ಕಾಗದದಲ್ಲಿದೆ, ಫುಟ್‌ಪಾತಿನಲ್ಲಿ ಅದರ ಮುದ್ರೆಯನ್ನೂ ಉದ್ದೇಶವನ್ನೂ ಯಾರೂ ಕೇಳುವುದಿಲ್ಲ. ಬಾಡಿಗೆ ಮನೆಯ ಸಾಕೆಟ್ಟಿನ ಮೂರನೇ ತೂತಿನ ಹಿಂದೆ ವೈರಿದೆಯೋ ಇಲ್ಲವೋ ನೋಡುವವರಿಲ್ಲ. ತೆರಿಗೆ ಬರುವುದು ಬಾಟಲಿಯಿಂದ, ಹಾಗಾಗಿ ಕಾವಲೂ ಬಾಟಲಿಗೇ.

ಹುದುಗಿಸುವುದಕ್ಕೆ 18ರಿಂದ 20 ಡಿಗ್ರಿ, ಹಳೇ ಫ್ರಿಜ್ಜಿಗೆ ಥರ್ಮೋಸ್ಟಾಟ್ ಕಟ್ಟಿದರೆ ಸಾಕು. ನೀರಿಗೆ ಹೋಲಿಸಿದ ಸಾಂದ್ರತೆ 1.050ರಿಂದ 1.012ಕ್ಕೆ ಇಳಿದು ಮೂರು ದಿನ ಅಲ್ಲೇ ನಿಂತಮೇಲೆ 120 ಗ್ರಾಂ ಸಕ್ಕರೆ ಬೆರೆಸಿ ಬಾಟಲಿಗೆ ತುಂಬುವುದು. ಆತುರಪಟ್ಟು ಮೊದಲೇ ತುಂಬಿದರೆ ಬಾಟಲಿ ಸಿಡಿಯುತ್ತದೆ. ತಳದ ಗಸಿ ಕಳೆದು 650 ಮಿಲಿಯ 28 ಬಾಟಲಿ ಸಿಕ್ಕಾವು. ಕೃಷ್ಣಪ್ಪನವರ ಲೆಕ್ಕದಲ್ಲಿ ಒಬ್ಬರಿಗೆ 14 ವಾರ.

ಇದೆಲ್ಲ ಗರಾಜಿನ ಗೋಡೆಗೆ ಕೈಗಾ ಕಟ್ಟಿಕೊಂಡವರಿಗೆ. ಇಲ್ಲಿರುವವರು ಸದ್ಯಕ್ಕೆ ಆ ಪಾತ್ರೆಯಲ್ಲಿ ಹುಳಿ ಮಾಡಿಕೊಳ್ಳಿ. 3,000 ವಾಟಿಗೆ ಬೇಳೆ ಎಲಿಮೆಂಟಿಗೆ ಅಂಟಿ ಸೀದುಹೋಗುತ್ತದೆ, ಸೌಟು ಬಿಡಬೇಡಿ.