ತೋಳಿಗೆ ಕಟ್ಟಿದರೆ ರಾಜಕೀಯ, ಕೊರಳಿಗೆ ಹಾಕಿದರೆ ಕ್ರೀಡೆ

ಆಟಗಾರರು ರಾಜಕೀಯ ಮಾತಾಡಕೂಡದು ಎನ್ನುವವರ ಪಕ್ಷ ನನ್ನದು. ಪಕ್ಷ ಎಂದ ಕೂಡಲೇ ಅದೂ ರಾಜಕೀಯವಾಯಿತಲ್ಲ ಎಂದು ತಗಾದೆ ತೆಗೆಯಬೇಡಿ. ನಾನು ಆಟಗಾರನಲ್ಲ, ಮಾತಾಡಬಹುದು. ಸೋಫಾದ ಮೇಲೆ ಒರಗಿದವನಿಗೆ ಯುದ್ಧ, ಗಡಿ, ತೆರಿಗೆ, ಸಂವಿಧಾನ ಎಲ್ಲದರ ಬಗ್ಗೆಯೂ ಅಭಿಪ್ರಾಯ ಇರತಕ್ಕದ್ದು. ಓಡುವವನಿಗೆ ಇರಬಾರದು. ಸುಮ್ಮನೆ ಉಸಿರು ದಂಡ.

'ಅವರಿಗೇನು ಗೊತ್ತು?' ಎನ್ನುವುದೇ ನಮ್ಮ ಬ್ರಹ್ಮಾಸ್ತ್ರ. ಸಿಮೆಂಟು, ಎಂಜಿನ್ ಆಯಿಲ್, ಜೀವವಿಮೆಗಳ ವಿಚಾರದಲ್ಲಿ ಅವರ ಪಾಂಡಿತ್ಯವನ್ನು ಯಾರೂ ಪ್ರಶ್ನಿಸಿಲ್ಲ. ಆದರೆ ಮೈಬಣ್ಣದ ಕಾರಣಕ್ಕೆ ತಾವೇ ಉಂಡ ಅವಮಾನದ ಬಗ್ಗೆ ಮಾತಾಡಲು ಅವರೇನು ತಜ್ಞರೇ? 2018ರಲ್ಲಿ ಅಮೆರಿಕದ ಟಿವಿ ನಿರೂಪಕಿಯೊಬ್ಬರು ಬ್ಯಾಸ್ಕೆಟ್‌ಬಾಲ್ ತಾರೆ ಲೆಬ್ರಾನ್ ಜೇಮ್ಸ್‌ಗೆ, ಬಾಯಿ ಮುಚ್ಚಿಕೊಂಡು ಚೆಂಡು ಪುಟಿಸು ಎಂದು ಬುದ್ಧಿ ಹೇಳಿದರು. ಅದೇ ವರ್ಷ ಮಾಜಿ ಫುಟ್‌ಬಾಲಿಗ ಜಾರ್ಜ್ ವೀಯಾ ಲೈಬೀರಿಯಾದ ಅಧ್ಯಕ್ಷರಾದರು, ಮಾಜಿ ಕ್ರಿಕೆಟಿಗ ಇಮ್ರಾನ್ ಖಾನ್ ಪಾಕಿಸ್ತಾನದ ಪ್ರಧಾನಿಯಾದರು. ಬೂಟು ಕಳಚಿದ ಮೇಲೆ ದೇಶ ಆಳಲು ಅಡ್ಡಿಯಿಲ್ಲ; ಬೂಟು ತೊಟ್ಟಿರುವಾಗ ಸೊಲ್ಲೆತ್ತಬಾರದು, ಅಷ್ಟೆ.

ಬೂಟಿನ ಮೇಲೆ ಬರೆಯಲೂ ಬಾರದು. 2023ರ ಡಿಸೆಂಬರ್‌ನಲ್ಲಿ, ಗಾಜಾ ಯುದ್ಧದ ಹೊತ್ತಿನಲ್ಲಿ, ಆಸ್ಟ್ರೇಲಿಯಾದ ಕ್ರಿಕೆಟಿಗ ಉಸ್ಮಾನ್ ಖ್ವಾಜಾ 'ಎಲ್ಲ ಜೀವಗಳೂ ಸಮಾನ' ಎಂದು ಬೂಟಿನ ಮೇಲೆ ಬರೆದುಕೊಂಡರು. ಇಂಥ ವಿವಾದಾತ್ಮಕ ಮಾತಿಗೆ ಕ್ರಿಕೆಟಿನ ಜಾಗತಿಕ ಸಂಸ್ಥೆ ಐಸಿಸಿ ಒಪ್ಪೀತೆ? ಸಮಾನತೆಗೆ ಟೇಪು ಅಂಟಿಸಿ ಆಡಿದರು. ತೋಳಿಗೆ ಕಪ್ಪುಪಟ್ಟಿ ಕಟ್ಟಿದ್ದಕ್ಕೆ ಪ್ರತ್ಯೇಕವಾಗಿ ಛೀಮಾರಿಯಾಯಿತು.

ಈ ವಿಷಯದಲ್ಲಿ ಫುಟ್‌ಬಾಲಿನ ಜಾಗತಿಕ ಸಂಸ್ಥೆ ಫಿಫಾ ಇನ್ನೂ ಕಟ್ಟುನಿಟ್ಟು. 2022ರ ಕತಾರ್ ವಿಶ್ವಕಪ್‌ನಲ್ಲಿ ಕೆಲವು ಯುರೋಪಿಯನ್ ತಂಡಗಳ ನಾಯಕರು ತಾರತಮ್ಯ ಬೇಡ ಎಂದು ಸಾರುವ ಬಣ್ಣದ ತೋಳುಪಟ್ಟಿ ಕಟ್ಟಲು ಹೊರಟಾಗ, ಹಳದಿ ಕಾರ್ಡ್ ತೋರಿಸುತ್ತೇವೆ ಎಂದು ಗದರಿಸಿ ಕೂರಿಸಿತು. ಜರ್ಮನಿಯವರು ತಂಡದ ಫೋಟೊಕ್ಕೆ ಬಾಯಿಗೆ ಕೈ ಅಡ್ಡ ಹಿಡಿದು ನಿಂತರು. ಬಾಯಿ ಮುಚ್ಚಿಕೊಂಡಿರಿ ಎಂಬ ಆಜ್ಞೆಯನ್ನು ಇದಕ್ಕಿಂತ ಅಕ್ಷರಶಃ ಪಾಲಿಸುವುದು ಹೇಗೋ ನಾನರಿಯೆ. ಅದಕ್ಕೂ ಪ್ರತಿಭಟನೆ ಎಂದೇ ಹೆಸರು ಬಂತು! ಇಷ್ಟು ಮಡಿವಂತ ಸಂಸ್ಥೆ ಶಾಂತಿ ಪ್ರಶಸ್ತಿಯೊಂದನ್ನು ಹುಟ್ಟುಹಾಕಿ, 2025ರ ಡಿಸೆಂಬರ್‌ನಲ್ಲಿ ಮೊದಲನೆಯದನ್ನು ಅಮೆರಿಕದ ಹಾಲಿ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರಿಗೆ ಕೊಟ್ಟಿತು. ಪದಕವನ್ನು ಅವರು ತಾವೇ ತೆಗೆದುಕೊಂಡು ಕೊರಳಿಗೆ ಹಾಕಿಕೊಂಡರು. ಹಳದಿ ಕಾರ್ಡ್ ಯಾರ ಜೇಬಿನಿಂದಲೂ ಹೊರಬರಲಿಲ್ಲ. ಅದು ಶುದ್ಧ ಕ್ರೀಡೆ.

ದೇಹದ ಯಾವ ಭಾಗ ರಾಜಕೀಯ, ಯಾವುದು ಅಲ್ಲ ಎಂಬ ಈ ಅಂಗಶಾಸ್ತ್ರ ಹಳೆಯದು. 1936ರ ಬರ್ಲಿನ್ ಕ್ರೀಡಾಕೂಟದಲ್ಲಿ ಅಮೆರಿಕದ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಏವರಿ ಬ್ರಂಡೇಜ್ ಅವರಿಗೆ ನಾಜಿ ಸೆಲ್ಯೂಟಿನಲ್ಲಿ ತಪ್ಪೇನೂ ಕಾಣಲಿಲ್ಲ. 1968ರಲ್ಲಿ ಮೆಕ್ಸಿಕೊ ಸಿಟಿಯಲ್ಲಿ ಅಮೆರಿಕದ ಕಪ್ಪು ಓಟಗಾರರಾದ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ವರ್ಣಭೇದದ ವಿರುದ್ಧ ಪದಕ ವೇದಿಕೆಯಲ್ಲಿ ಮುಷ್ಟಿ ಎತ್ತಿದಾಗ, ಅಷ್ಟರಲ್ಲಿ ಅಂತರರಾಷ್ಟ್ರೀಯ ಸಮಿತಿಗೇ ಅಧ್ಯಕ್ಷರಾಗಿದ್ದ ಅದೇ ಬ್ರಂಡೇಜ್ ಕೆಂಡವಾದರು. ಇಬ್ಬರೂ ಕೂಟದಿಂದ ಹೊರಬಿದ್ದರು. ಬೆರಳು ಚಾಚಿದ ಕೈ ಸಂಪ್ರದಾಯ, ಬೆರಳು ಮಡಚಿದ ಕೈ ರಾಜಕೀಯ.

ಹಾಗೆಂದು ನಾವು ಹೃದಯಹೀನರಲ್ಲ. ಆಟಗಾರನ ಮಾತು ಹಣ್ಣಾಗುವವರೆಗೆ ಕಾಯುತ್ತೇವೆ, ಅಷ್ಟೆ. ಸ್ಮಿತ್, ಕಾರ್ಲೋಸ್ ಅವರ ಪ್ರತಿಮೆ 2005ರಲ್ಲಿ ಅವರು ಓದಿದ ಸ್ಯಾನ್ ಹೋಸೆ ವಿಶ್ವವಿದ್ಯಾಲಯದಲ್ಲಿ ಎದ್ದು ನಿಂತಿತು. ಅದೇ ವೇದಿಕೆಯಲ್ಲಿ ಎದೆಗೆ ಬ್ಯಾಡ್ಜ್ ಧರಿಸಿ ಅವರ ಬೆಂಬಲಕ್ಕೆ ನಿಂತ ಆಸ್ಟ್ರೇಲಿಯಾದ ಓಟಗಾರ ಪೀಟರ್ ನಾರ್ಮನ್‌ಗೆ ಅಲ್ಲಿನ ಸಂಸತ್ತು 2012ರಲ್ಲಿ ಕ್ಷಮೆ ಕೇಳಿತು. ಅವರು ತೀರಿಕೊಂಡದ್ದು 2006ರಲ್ಲಿ, ಆತುರಪಟ್ಟರು. ವಿಯೆಟ್ನಾಂ ಯುದ್ಧಕ್ಕೆ ಹೋಗೆನೆಂದು 1967ರಲ್ಲಿ ಬಾಕ್ಸಿಂಗ್ ಪಟ್ಟ ಕಳೆದುಕೊಂಡ ಮುಹಮ್ಮದ್ ಅಲಿ 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ನ ಜ್ಯೋತಿ ಬೆಳಗಿದರು. ಪಾರ್ಕಿನ್ಸನ್ ಕಾಯಿಲೆಯಿಂದ ಅವರಿಗೆ ಆಗ ಮಾತು ಕಷ್ಟವಾಗಿತ್ತು. ನಾವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದೆವು.

ಆದ್ದರಿಂದ ಕ್ರೀಡಾ ಸಂಸ್ಥೆಗಳಲ್ಲಿ ನನ್ನದೊಂದು ಮನವಿ. ಇನ್ನು ಮುಂದೆ ಶಿಸ್ತು ಸಮಿತಿಯ ವಿಚಾರಣೆಗೆ ಒಬ್ಬ ಶಿಲ್ಪಿಯನ್ನೂ ಕರೆಸಿ. ಆರೋಪಿ ಹೇಗೂ ಎದುರಿಗೆ ನಿಂತಿರುತ್ತಾನೆ. ದಂಡದ ಮೊತ್ತ ಬರೆದುಕೊಳ್ಳುವಾಗಲೇ ಎತ್ತರ, ಎದೆ, ಭುಜಗಳ ಅಳತೆಯೂ ಆಗಿಬಿಡಲಿ. ದಂಡದ ಹಣದಲ್ಲೇ ಕಂಚು ಕೊಳ್ಳಬಹುದು.